ಆರ್‌ಎಂ ಹೊಡೆಯುವ ಮುಂಚೆ ಎಲ್‌ಎಸ್ ಹೊಡೆಯಿರಿ

ಟರ್ಮಿನಲ್‌ನಲ್ಲಿ ಫೈಲ್ ಅಳಿಸುವುದು ಎರಡಕ್ಷರದ ಕೆಲಸ. ಆದರೂ ಲಿನಕ್ಸ್ ಕಲಿಯುವವರು ಮಾತ್ರವಲ್ಲ, ಅದರಲ್ಲೇ ಪಳಗಿದವರೂ ಕೈ ಸುಟ್ಟುಕೊಳ್ಳುವುದನ್ನು ನೋಡುತ್ತಲೇ ಇದ್ದೇನೆ. ತಪ್ಪು ಅಳಿಸುವ ಕಮಾಂಡ್ ಆದ ಆರ್‌ಎಂದಲ್ಲ. ಅದು ಹೇಳಿದ್ದನ್ನು ಮಾಡುತ್ತದೆ, ಅಷ್ಟೇ. ಏನು ಹೇಳಿದೆವು ಅಂತ ನೋಡದೆ ನಾವೇ ಎಂಟರ್ ಒತ್ತುತ್ತೇವೆ. ಇಲ್ಲಿ ಕಸದ ಬುಟ್ಟಿಯೂ ಇಲ್ಲ, ಅಳಿಸಿದ್ದು ನೇರವಾಗಿ ಹೋಗುತ್ತದೆ.

(ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರಗಳನ್ನು ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.)

1. ಎಲ್ಲಿದ್ದೀರಿ ನೋಡಿ

ಪಿಡಬ್ಲ್ಯುಡಿ ಅಂತ ಹೊಡೆಯಿರಿ. ಈಗ ಯಾವ ಡೈರೆಕ್ಟರಿಯಲ್ಲಿ (ಅಂದರೆ ಫೋಲ್ಡರಿನಲ್ಲಿ) ಇದ್ದೀರಿ ಅಂತ ತೋರಿಸುತ್ತದೆ. ಎಸ್‌ಎಸ್‌ಎಚ್ ಮಾಡಿ (ದೂರದಿಂದ ಲಾಗಿನ್ ಆಗಿ) ಬೇರೆ ಸರ್ವರ್‌ನೊಳಗೆ ಕೂತಿದ್ದರೆ ಹೋಸ್ಟ್‌ನೇಮ್ ಕೂಡ ಹೊಡೆಯಿರಿ, ಯಾವ ಯಂತ್ರ ಅಂತ ಹೇಳುತ್ತದೆ. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಇದನ್ನು ನೋಡದೆ ಆದ ಎಡವಟ್ಟು ಇದು. ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿದ್ದೇನೆ ಅಂದುಕೊಂಡ ಎಂಜಿನಿಯರ್ ಒಬ್ಬರು ಮುಖ್ಯ ಸರ್ವರ್‌ನ ಡೈರೆಕ್ಟರಿಯನ್ನೇ ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

2. ಸುಲಭದವು

ಒಂದು ಫೈಲ್ ಆದರೆ ಆರ್‌ಎಂ, ಸ್ಪೇಸ್, ಫೈಲಿನ ಹೆಸರು. ಖಾಲಿ ಡೈರೆಕ್ಟರಿ ಆದರೆ ಆರ್‌ಎಂಡಿಐಆರ್. ಒಳಗೆ ಏನಾದರೂ ಇದ್ದರೆ ಅದು ಒಪ್ಪುವುದಿಲ್ಲ. ಖಾಲಿ ಇದೆ ಅಂತ ನಂಬಿದ ಕಡೆಯೆಲ್ಲ ಇದನ್ನೇ ಬಳಸಿ, ನಂಬಿಕೆ ಸುಳ್ಳಾದರೆ ಅದೇ ತಡೆಯುತ್ತದೆ. ತುಂಬಿದ ಡೈರೆಕ್ಟರಿಗೆ ಆರ್‌ಎಂ ಜೊತೆ ಹೈಫನ್ ಆರ್.

3. ಸ್ಟಾರ್ ಮತ್ತು ಸ್ಪೇಸ್

ಎಡವುವುದು ಇಲ್ಲಿ. ಸ್ಟಾರ್ (*) ಅಂದರೆ ‘ಯಾವ ಹೆಸರಾದರೂ ಸರಿ’. ಅದನ್ನು ಬಿಡಿಸುವುದು ಆರ್‌ಎಂ ಅಲ್ಲ, ನೀವು ಟೈಪ್ ಮಾಡಿದ್ದನ್ನು ಓದಿ ಓಡಿಸುವ ಶೆಲ್. ಸ್ಟಾರ್‌ಗೆ ಹೊಂದುವ ಹೆಸರುಗಳನ್ನೆಲ್ಲ ಶೆಲ್ ಮೊದಲೇ ಸಾಲಾಗಿ ಜೋಡಿಸಿ ಕೊಡುತ್ತದೆ. ಆರ್‌ಎಂಗೆ ಕಾಣುವುದು ಆ ಪಟ್ಟಿ ಮಾತ್ರ. ನೀವು ಸ್ಟಾರ್ ಹಾಕಿದ್ದಿರೋ, ಎಲ್ಲ ಹೆಸರನ್ನೂ ಕೈಯಲ್ಲೇ ಟೈಪ್ ಮಾಡಿದಿರೋ, ಅದಕ್ಕೆ ಗೊತ್ತೇ ಆಗುವುದಿಲ್ಲ.

ಈ ಎರಡು ಸಾಲು ನೋಡಿ:

ಆರ್‌ಎಂ *.ಲಾಗ್
ಆರ್‌ಎಂ * .ಲಾಗ್

ಮೊದಲನೆಯದು ಲಾಗ್ ಫೈಲುಗಳನ್ನು ಮಾತ್ರ ತೆಗೆಯುತ್ತದೆ. ಎರಡನೆಯದರಲ್ಲಿ ಸ್ಟಾರ್ ಆದ ಮೇಲೆ ಒಂದು ಸ್ಪೇಸ್ ನುಸುಳಿದೆ. ಡೈರೆಕ್ಟರಿಯ ಫೈಲುಗಳೆಲ್ಲ ಹೋದ ಮೇಲೆ, ‘.ಲಾಗ್’ ಅನ್ನುವ ಫೈಲ್ ಸಿಗಲಿಲ್ಲ ಅಂತ ಒಂದು ಸಾಲು ಬರುತ್ತದೆ. ಅದನ್ನು ನೋಡಿ ‘ಏನೂ ಆಗಿಲ್ಲ’ ಅಂದುಕೊಂಡು ಮುಂದಿನ ಕೆಲಸಕ್ಕೆ ಹೋಗುವವರೇ ಜಾಸ್ತಿ.

2011ರಲ್ಲಿ ಬಂಬಲ್‌ಬೀ ಅನ್ನುವ ಲಿನಕ್ಸ್ ಗ್ರಾಫಿಕ್ಸ್ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ಇಂಥದ್ದೇ ಒಂದು ಸ್ಪೇಸ್ ಇತ್ತು. ತಂತ್ರಾಂಶಗಳೆಲ್ಲ ಇರುವ ಯುಎಸ್‌ಆರ್ ಡೈರೆಕ್ಟರಿಯ ಒಳಗಿನ ಯಾವುದೋ ಮೂಲೆಯದು ಹೋಗಬೇಕಿತ್ತು. ಹೆಸರಿನ ನಡುವೆ ಸ್ಪೇಸ್ ಬಿದ್ದು ಇಡೀ ಯುಎಸ್‌ಆರ್ ಅಳಿಸಿಹೋಗುತ್ತಿತ್ತು.

ಹೆಸರಿನಲ್ಲೇ ಸ್ಪೇಸ್ ಇದ್ದರೂ ಇದೇ ಗೋಳು. ‘ಮದುವೆ ಫೋಟೋ’ ಅನ್ನುವ ಡೈರೆಕ್ಟರಿಯನ್ನು ಕೋಟ್ಸ್ ಇಲ್ಲದೆ ಬರೆದರೆ ‘ಮದುವೆ’ ಒಂದು, ‘ಫೋಟೋ’ ಇನ್ನೊಂದು ಅಂತ ಶೆಲ್ ತಿಳಿಯುತ್ತದೆ. ‘ಫೋಟೋ’ ಅನ್ನುವ ಬೇರೆ ಡೈರೆಕ್ಟರಿ ಪಕ್ಕದಲ್ಲೇ ಇದ್ದರೆ ಅದು ಹೋಯಿತು, ಮದುವೆಯದು ಹಾಗೇ ಉಳಿಯಿತು! ಹೆಸರನ್ನು ಪೂರ್ತಿ ಟೈಪ್ ಮಾಡಬೇಡಿ. ಎರಡಕ್ಷರ ಹೊಡೆದು ಟ್ಯಾಬ್ ಒತ್ತಿ. ಉಳಿದದ್ದನ್ನು ಶೆಲ್ಲೇ ತುಂಬುತ್ತದೆ, ಸ್ಪೇಸನ್ನೂ ಸರಿಯಾಗಿ ನೋಡಿಕೊಳ್ಳುತ್ತದೆ.

ನನ್ನ ಪದ್ಧತಿ ಇದು, ನೀವೂ ಇದನ್ನೇ ಮಾಡಿ. ಸ್ಟಾರ್ ಇರುವ ಸಾಲನ್ನು ಮೊದಲು ಆರ್‌ಎಂ ಬದಲು ‘ಎಲ್‌ಎಸ್ ಹೈಫನ್ ಡಿ’ ಹಾಕಿ ಓಡಿಸಿ. ಎಲ್‌ಎಸ್ ಹೆಸರುಗಳ ಪಟ್ಟಿ ತೋರಿಸುತ್ತದೆ, ಏನನ್ನೂ ಅಳಿಸುವುದಿಲ್ಲ. ಹೈಫನ್ ಡಿ ಇಲ್ಲದಿದ್ದರೆ ಡೈರೆಕ್ಟರಿಗಳ ಒಳಗಿನದನ್ನೂ ಸುರಿದು ಪಟ್ಟಿ ಕಲಸಿಹೋಗುತ್ತದೆ. ಬಂದ ಪಟ್ಟಿಯನ್ನು ಓದಿ. ಸುಮ್ನೆ ಕಣ್ಣಾಡಿಸುವುದಲ್ಲ, ಓದಿ. ಸರಿ ಇದ್ದರೆ ಮೇಲಿನ ಬಾಣದ ಕೀ ಒತ್ತಿ ಅದೇ ಸಾಲನ್ನು ವಾಪಸ್ ತನ್ನಿ. ಕಂಟ್ರೋಲ್ ಎ ಒತ್ತಿದರೆ ಕರ್ಸರ್ ಸಾಲಿನ ಮೊದಲಿಗೆ ಹೋಗುತ್ತದೆ. ಎಲ್‌ಎಸ್ ಹೈಫನ್ ಡಿ ತೆಗೆದು ಆರ್‌ಎಂ ಹಾಕಿ. ಹಿಂದಿನ ಭಾಗ ಮುಟ್ಟಬೇಡಿ. ಹೊಸದಾಗಿ ಟೈಪ್ ಮಾಡಿದರೆ ಪರೀಕ್ಷೆ ಮಾಡಿದ್ದು ಒಂದು, ಅಳಿಸಿದ್ದು ಇನ್ನೊಂದು ಆಗಬಹುದು ಅಲ್ವಾ?

4. ಎಫ್ ಬೇಡ, ದೊಡ್ಡ ಐ ಇರಲಿ

ಆರ್‌ಎಂ ಹೈಫನ್ ಆರ್‌ಎಫ್ ಅಂತ ಒಂದೇ ಉಸಿರಿಗೆ ಹೊಡೆಯುವುದನ್ನು ಬಿಡಿ. ಡೈರೆಕ್ಟರಿ ಅಳಿಸಲು ಆರ್ ಸಾಕು. ಎಫ್ ಮಾಡುವುದು ಏನು? ಪ್ರಶ್ನೆ ಕೇಳದೆ ಸುಮ್ಮನಿರುತ್ತದೆ, ಇಲ್ಲದ ಫೈಲಿನ ದೂರನ್ನೂ ನುಂಗಿಕೊಳ್ಳುತ್ತದೆ. ಅದರ ಬದಲು ದೊಡ್ಡಕ್ಷರದ ಐ ಹಾಕಿ. ಮೂರಕ್ಕಿಂತ ಜಾಸ್ತಿ ಫೈಲ್ ಇದ್ದರೆ ಅಥವಾ ಆರ್ ಇದ್ದರೆ ಒಂದೇ ಸಲ ಕೇಳುತ್ತದೆ. ಸಣ್ಣ ಐ ಒಂದೊಂದು ಫೈಲಿಗೂ ಕೇಳುತ್ತದೆ, ಹತ್ತನೇ ಫೈಲಿನ ಹೊತ್ತಿಗೆ ಬೆರಳು ತಾನೇ ವೈ ಒತ್ತುತ್ತಿರುತ್ತದೆ.

ಎಲ್ಲ ಡೈರೆಕ್ಟರಿಗಳಿಗೂ ಮೂಲವಾದ ರೂಟ್ ಡೈರೆಕ್ಟರಿಯನ್ನೇ (ಬರೀ ಸ್ಲ್ಯಾಶ್, /) ಅಳಿಸು ಅಂದರೆ ಈಗಿನ ಲಿನಕ್ಸ್ ಆರ್‌ಎಂ ಒಪ್ಪುವುದಿಲ್ಲ. ಆದರೆ ಸ್ಲ್ಯಾಶ್ ಆದ ಮೇಲೆ ಸ್ಟಾರ್ ಹಾಕಿದರೆ ಆ ಕಾವಲು ಕೆಲಸಕ್ಕೆ ಬರುವುದಿಲ್ಲ. ಯಾಕೆ ಅಂತ ಮೇಲೆ ಹೇಳಿದೆನಲ್ಲ, ಶೆಲ್ ಬಿಡಿಸಿಬಿಟ್ಟಿರುತ್ತದೆ. 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್ ಗೇಮ್ ತಂತ್ರಾಂಶದ ಸ್ಕ್ರಿಪ್ಟ್ ಹೀಗೇ ಕೈಕೊಟ್ಟಿತು. ಡೈರೆಕ್ಟರಿಯ ಹೆಸರಿರಬೇಕಾದ ವೇರಿಯಬಲ್ (ಸ್ಕ್ರಿಪ್ಟ್ ಮೌಲ್ಯ ಇಟ್ಟುಕೊಳ್ಳುವ ಜಾಗ) ಖಾಲಿಯಾಗಿ, ಉಳಿದದ್ದು ಸ್ಲ್ಯಾಶ್ ಮತ್ತು ಸ್ಟಾರ್. ಬಳಕೆದಾರರ ಫೈಲುಗಳು ಹೋದವು. ಆ ಸಾಲಿನ ಮೇಲೆ ‘ಭಯ ಆಗುತ್ತೆ’ ಅನ್ನುವ ಅರ್ಥದ ಕಾಮೆಂಟನ್ನು ಬರೆದವರೇ ಹಾಕಿದ್ದರು. ಭಯ ಆದರೆ ವೇರಿಯಬಲ್ ಖಾಲಿ ಇದೆಯಾ ಅಂತ ಪರೀಕ್ಷಿಸುವ ಒಂದು ಸಾಲು ಸೇರಿಸಿ, ಕಾಮೆಂಟ್ ಅಲ್ಲ.

5. ಹಳೆಯ ಫೈಲುಗಳಿಗೆ ಫೈಂಡ್

ಷರತ್ತಿಗೆ ಹೊಂದುವ ಫೈಲುಗಳನ್ನು ಹುಡುಕುವ ಕಮಾಂಡ್ ಫೈಂಡ್. ಅದನ್ನು ಬಳಸುವಾಗ ಹೈಫನ್ ಡಿಲೀಟ್ ಕೊನೆಯಲ್ಲೇ ಇರಬೇಕು. ಹೆಸರಿನ ಷರತ್ತಿಗಿಂತ ಮುಂಚೆ ಬಂದರೆ ಷರತ್ತು ನೋಡುವ ಮೊದಲೇ ಎಲ್ಲವನ್ನೂ ಅಳಿಸುತ್ತದೆ. ಡಿಲೀಟ್ ಇಲ್ಲದೆ ಒಂದು ಸಲ ಓಡಿಸಿ, ಪಟ್ಟಿ ನೋಡಿ, ಆಮೇಲೆ ಸೇರಿಸಿ.

ಡೆಸ್ಕ್‌ಟಾಪ್‌ನಲ್ಲಿ ಕಸದ ಬುಟ್ಟಿ ಬೇಕೇ ಬೇಕು ಅನ್ನುವವರು ಟ್ರ್ಯಾಶ್-ಸಿಎಲ್‌ಐ ಹಾಕಿಕೊಳ್ಳಿ. ಆದರೆ ಅದಕ್ಕೆ ಆರ್‌ಎಂ ಅಂತ ಅಡ್ಡಹೆಸರು ಇಡಬೇಡಿ. ಅದಿಲ್ಲದ ಸರ್ವರ್‌ಗೆ ಹೋದ ದಿನ ಅಭ್ಯಾಸ ಕೈಕೊಡುತ್ತದೆ. ಇನ್ನು ‘ಅಳಿಸಿದ್ದನ್ನು ವಾಪಸ್ ತರುತ್ತೇವೆ’ ಅನ್ನುವ ಜಾಹೀರಾತಿನ ತಂತ್ರಾಂಶಗಳಿಗೆ ದುಡ್ಡು ಸುರಿಯಬೇಡಿ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಜಾಗ ಖಾಲಿ ಅಂತ ಡಿಸ್ಕಿಗೆ ತಿಳಿಸುವ ಕೆಲಸ) ಓಡಿದ ಮೇಲೆ ಹೆಚ್ಚಾಗಿ ಏನೂ ಸಿಗುವುದಿಲ್ಲ. ಆ ದುಡ್ಡಿಗೆ ಬ್ಯಾಕಪ್ ಡಿಸ್ಕ್ ತಗೊಳ್ಳಿ.

6. ಅಳಿಸಿದರೂ ಜಾಗ ಬರಲಿಲ್ಲವೇ?

ದೊಡ್ಡ ಲಾಗ್ ಫೈಲ್ ತೆಗೆದಿರಿ, ಖಾಲಿ ಜಾಗ ತೋರಿಸುವ ಡಿಎಫ್ ಹೊಡೆದರೆ ಡಿಸ್ಕ್ ಇನ್ನೂ ತುಂಬಿದೆ. ಆರ್‌ಎಂ ತೆಗೆಯುವುದು ಹೆಸರನ್ನು. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಜಾಗ ಬಿಡುಗಡೆ ಆಗುವುದಿಲ್ಲ. ತೆರೆದ ಫೈಲುಗಳನ್ನು ತೋರಿಸುವ ಎಲ್‌ಎಸ್‌ಒಎಫ್, ಸ್ಪೇಸ್, ಆಮೇಲೆ ಪ್ಲಸ್, ದೊಡ್ಡಕ್ಷರದ ಎಲ್ ಮತ್ತು 1 ಸೇರಿಸಿ ಹೊಡೆದರೆ ಯಾವ ಪ್ರೋಗ್ರಾಂ ಅಂತ ಗೊತ್ತಾಗುತ್ತದೆ. ಅದನ್ನು ರೀಸ್ಟಾರ್ಟ್ ಮಾಡಿ, ಡಿಎಫ್ ಮತ್ತೆ ನೋಡಿ.