ಅರವತ್ತೇಳರಲ್ಲಿ ಬಂಜೀ: ಮೂರನೆಯ ಸಲ ಹಾರಿದೆ

ಎರಡು ಸಲ ದುಡ್ಡು ಕಳೆದುಕೊಂಡು ಹಿಂತಿರುಗಿದ್ದೆ. ಮೂರನೆಯ ಸಲ, 67ನೆಯ ವಯಸ್ಸಿನಲ್ಲಿ, ಕಾಲಿಗೆ ಹಿಗ್ಗುವ ರಬ್ಬರ್ ಹಗ್ಗ ಕಟ್ಟಿಸಿಕೊಂಡು ಸೇತುವೆಯ ಅಂಚಿನಿಂದ ಹಾರಿ ಕ್ಷೇಮವಾಗಿ ಬಂದಿದ್ದೇನೆ; ಬಂಜೀ ಎಂದರೆ ಇದೇ. ‘ಈ ವಯಸ್ಸಿನಲ್ಲಿ ನಿಮಗೇಕೆ ಇದೆಲ್ಲ’ ಎಂದವರಲ್ಲಿ ಮನೆಯವರಿದ್ದರು, ಸಹಪ್ರಯಾಣಿಕರಿದ್ದರು, ಒಬ್ಬ ವೈದ್ಯರೂ ಇದ್ದರು. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮೋರ್ ಕೀಟ್ ಎಂಬುವವರು 96ನೆಯ ವಯಸ್ಸಿನಲ್ಲಿ ಹಾರಿದ್ದಾರೆ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅರವತ್ತು ದಾಟಿಯೂ ಬೆನ್ನಿಗೆ ಚೀಲ ಏರಿಸಿ ಹೊರಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಸೋತದ್ದು ಕೌಂಟರಿನಲ್ಲೇ. ರಾತ್ರಿಯಿಡೀ ಬಸ್ ಪ್ರಯಾಣ, ನಿದ್ದೆಯಿಲ್ಲ, ಎರಡು ಲೋಟ ಕಾಫಿ, ಆಮೇಲೆ ಇನ್ನೂರು ಚಿಲ್ಲರೆ ಮೆಟ್ಟಿಲು. ಏದುಸಿರು ಬಿಡುತ್ತ ಕೈ ಚಾಚಿದಾಗ ಬಿ.ಪಿ. ಸುಮಾರು 170/100 ಬಂತು. ಇನ್ನೊಮ್ಮೆ ಅಳೆದರು, ಇಳಿದಿರಲಿಲ್ಲ. ಅರ್ಧ ಹಣ ವಾಪಸು ಬಂತು, ಅರ್ಧ ಹೋಯಿತು. ಹಿಂದಿನ ದಿನವೇ ಹೋಗಿ ತಂಗಿ, ಅಳೆಯುವ ಮೊದಲು ಅರ್ಧ ಗಂಟೆ ಸುಮ್ಮನೆ ಕೂರಬೇಕೆಂದು ಅಂದೇ ನಿಶ್ಚಯಿಸಿದೆ. ಬೆಳಗಿನ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬಾರದು.

ಎರಡನೆಯ ಸಲ ಅಂಚಿನವರೆಗೂ ಹೋದೆ. ಆ ನಿಮಿಷಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಬೆರಳುಗಳು ಹಲಗೆಯಿಂದ ಹೊರಗೆ, ಕೆಳಗೆ ನೀರಿನ ಹೊಳಪು. ಹಗ್ಗ ಕೆಳಗೆ ಜೋತುಬಿದ್ದು ಅದರ ಭಾರವೆಲ್ಲ ಕಣಕಾಲನ್ನು ಮುಂದಕ್ಕೆ ಜಗ್ಗುತ್ತಿತ್ತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮೂರು ಸಲ ಐದರಿಂದ ಒಂದರವರೆಗೆ ಎಣಿಸಿದರು, ಮೂರು ಸಲವೂ ಮಂಡಿ ಕಲ್ಲಾಯಿತು. ಹಿಂದಕ್ಕೆ ಬಂದೆ. ಬಿಡಿಗಾಸೂ ವಾಪಸು ಬರಲಿಲ್ಲ.

ಆ ರಾತ್ರಿ ಯೋಚಿಸುತ್ತ ಮಲಗಿದ್ದಾಗ ವಿಷಯ ಹೊಳೆಯಿತು. ನಾನು ಹಾರಲು ಹೊರಟದ್ದೇ ತಪ್ಪು. ಹಾರಬೇಕಾದರೆ ಮಂಡಿ ಬಗ್ಗಿಸಿ ಚಿಮ್ಮಬೇಕು. ನಮ್ಮ ವಯಸ್ಸಿನ ಮಂಡಿ ಅಂಚಿನಲ್ಲಿ ಆ ಮಾತನ್ನು ಕೇಳುವುದಿಲ್ಲ. ಚಿಮ್ಮುವ ಬದಲು ಕಡಿದ ಮರದಂತೆ ನೇರವಾಗಿ ಮುಂದಕ್ಕೆ ವಾಲಬೇಕು, ಜಗ್ಗುವ ಹಗ್ಗದ ಭಾರ ಆಗ ನಮ್ಮ ಕೆಲಸವನ್ನೇ ಮಾಡುತ್ತದೆ. ಎಂಟು ತಿಂಗಳು ಇದನ್ನೇ ಅಭ್ಯಾಸ ಮಾಡಿದೆ. ಮೊದಲು ದಪ್ಪ ಹಾಸಿಗೆಯ ಮೇಲೆ, ಆಮೇಲೆ ಈಜುಕೊಳದ ದಡದಿಂದ, ಕೊನೆಗೆ ಒಂದು ಮೀಟರ್ ಎತ್ತರದ ಹಲಗೆಯಿಂದ. ಒಟ್ಟು ಮುನ್ನೂರು ಸಲವಾದರೂ ವಾಲಿರಬೇಕು. ದೃಷ್ಟಿ ಎದುರಿನ ದಿಗಂತದಲ್ಲಿರಬೇಕು, ತೋಳು ಚಾಚಿರಬೇಕು. ವಾಲುವ ಕ್ಷಣಕ್ಕೆ ಉಸಿರಿನ ಲೆಕ್ಕವೊಂದನ್ನು ನಾನೇ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ತಲೆಕೆಳಗಾಗಿ ನೇತಾಡುವ ಅಭ್ಯಾಸಕ್ಕೂ ಕೈ ಹಾಕಿದ್ದೆ. ಮೂರನೆಯ ದಿನವೇ ಕಣ್ಣಿನ ಹಿಂದೆ ಒತ್ತಿದಂತಾಯಿತು. ಕಣ್ಣಿನ ವೈದ್ಯರು ಕೂಡಲೇ ನಿಲ್ಲಿಸಿದರು. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಬಂಜೀ ಹಾರಿದವರ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ರಕ್ತಸ್ರಾವವಾದದ್ದೂ ಉಂಟು. ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷಿಸಿದರು, ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಕಾಯಿಲೆ ಇಲ್ಲವೆಂದು ಖಚಿತಪಡಿಸಿದರು. ಜೊತೆಗೆ ಮೂಳೆಯ ಸಾಂದ್ರತೆ, ಇಸಿಜಿ, ಕತ್ತಿನ ಎಕ್ಸ್-ರೇ. ಎಲ್ಲ ಸೇರಿ ಒಂದು ಜಿಗಿತದ ಶುಲ್ಕದ ಮುಕ್ಕಾಲು ಪಾಲು ಖರ್ಚಾಯಿತು. ಈ ಹಣಕ್ಕೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಬಂಜೀ ಸೇರದಿರುವುದೇ ಹೆಚ್ಚು, ಅದಕ್ಕೆ ಬೇರೆ ಕಂತು ಕಟ್ಟಿದೆ.

ಹಗ್ಗದ ಬಗೆಗೂ ಒಂದು ಪ್ರಯೋಗ ಮಾಡಿದೆ. ರಬ್ಬರ್ ಎಳೆಗಳನ್ನು ಕಟ್ಟಾಗಿ ಕಟ್ಟಿ, ಹತ್ತು ಕಿಲೋ ಮರಳಿನ ಚೀಲ ತೂಗಿಸಿ, ಮಾಳಿಗೆಯಿಂದ ನಲವತ್ತು ಸಲ ಬೀಳಿಸಿದೆ. ಕೊನೆಯಲ್ಲಿ ಕಟ್ಟು ಗೇಣುದ್ದ ಹೆಚ್ಚಿತ್ತು. ಅಂದಿನಿಂದ ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ: ಈ ಹಗ್ಗ ಎಷ್ಟು ಜಿಗಿತ ಕಂಡಿದೆ? ಜಿಗಿತಗಳ ಲೆಕ್ಕದ ಪುಸ್ತಕ ತೆರೆದು ತೋರಿಸುವವರಲ್ಲಿ ಮಾತ್ರ ಹಾರಬೇಕು. ಒಂದು ಕಡೆ ಉತ್ತರ ತಡವರಿಸಿತು, ಮುಂಗಡ ಬಿಟ್ಟು ಎದ್ದು ಬಂದೆ.

ಜಾಗ ಆರಿಸುವಾಗ ಎಲ್ಲರೂ ಎತ್ತರ ನೋಡುತ್ತಾರೆ. ನಾನು ನೋಡಿದ್ದು ಹಾರಿದ ಮೇಲೆ ಎಷ್ಟು ಹೊತ್ತು ತಲೆಕೆಳಗಾಗಿ ತೂಗಬೇಕು ಎಂಬುದನ್ನು. ದಕ್ಷಿಣ ಆಫ್ರಿಕಾದ 216 ಮೀಟರಿನ ಬ್ಲೌಕ್ರಾನ್ಸ್ ಸೇತುವೆಯಲ್ಲಿ ಸಿಬ್ಬಂದಿ ಕೆಳಗಿಳಿದು ಬಂದು ಮೇಲಕ್ಕೆ ಕರೆದೊಯ್ಯುತ್ತಾರೆ, ಅಲ್ಲಿಯವರೆಗೆ ತೂಗುತ್ತಿರಬೇಕು. ನ್ಯೂಜಿಲೆಂಡಿನ ಕವರಾವ್ ಸೇತುವೆ ಬರೀ 43 ಮೀಟರ್. 1988ರಿಂದಲೂ ಅಲ್ಲಿ ಹಾರಿಸುತ್ತಿದ್ದಾರೆ, ನೇರ ದೋಣಿಗೆ ಇಳಿಸುತ್ತಾರೆ. ನಾನು ಆರಿಸಿದ್ದೂ ದೋಣಿಗೆ ಇಳಿಸುವ, ಅಷ್ಟೇ ಎತ್ತರದ ಜಾಗವನ್ನು. ಕಾಲಿಗೆ ಮಾತ್ರವಲ್ಲದೆ ಮೈಗೂ ಹಾರ್ನೆಸ್ (ಬಿಗಿದು ಹಿಡಿಯುವ ಪಟ್ಟಿಗಳ ಕಟ್ಟು) ಬೇಕೆಂದು ಬುಕಿಂಗ್ ಮಾಡುವಾಗಲೇ ಹೇಳಿದ್ದೆ.

ಅಂದು ಬಿ.ಪಿ. 138/84. ಎರಡು ಸಲ ತೂಕ ನೋಡಿ, 71 ಕಿಲೋ ಎಂದು ಮುಂಗೈ ಮೇಲೆ ಬರೆದರು. ಎಣಿಕೆ ಎರಡಕ್ಕೆ ಬಂದಾಗಲೇ ವಾಲಿದ್ದೆ. ಮೊದಲ ಎರಡು ಸೆಕೆಂಡು ಕಿವಿಯಲ್ಲಿ ಗಾಳಿಯ ಮೊರೆತ ಬಿಟ್ಟರೆ ಬೇರೇನೂ ಇಲ್ಲ. ಜಗ್ಗುತ್ತದೆ ಎಂದು ಹಲ್ಲು ಕಚ್ಚಿದ್ದೆ, ಆದರೆ ಹಗ್ಗ ಬಾವಿಯಿಂದ ಕೊಡ ಸೇದಿದಷ್ಟು ಮೆಲ್ಲಗೆ ಹಿಡಿಯಿತು. ಮೂರೋ ನಾಲ್ಕೋ ಸಲ ಮೇಲೆದ್ದು ಬಿದ್ದು, ಐದು ನಿಮಿಷದೊಳಗೆ ದೋಣಿಯಲ್ಲಿದ್ದೆ. ಸಾಲಿನಲ್ಲಿದ್ದ ಇಪ್ಪತ್ತರ ಹುಡುಗರಿಗಿಂತ ನನ್ನದು ನೇರವಾಗಿತ್ತೆಂದು ಹಗ್ಗ ಕಟ್ಟಿದವರೇ ಹೇಳಿದರು. ವಿಡಿಯೊಗೆ ಶುಲ್ಕದ ಮೂರನೇ ಒಂದು ಪಾಲು ಕೇಳಿದರು. ಚೌಕಾಸಿ ಮಾಡದೆ ಕೊಟ್ಟೆ, ಅನುಮಾನಿಸಿದವರಿಗೆಲ್ಲ ತೋರಿಸಬೇಕಿತ್ತು.

ತೊಡೆಯ ಮೇಲೆ ಹಾರ್ನೆಸ್ ಪಟ್ಟಿಯ ಗುರುತು ಆರು ದಿನ ಉಳಿಯಿತು, ಕತ್ತು ಎರಡು ದಿನ ಬಿಗಿದಿತ್ತು. ವಾರದ ನಂತರ ಮತ್ತೆ ಪಾಪೆ ಹಿಗ್ಗಿಸಿ ನೋಡಿದರು, ರೆಟಿನಾದಲ್ಲಿ ಒಂದು ಕಲೆಯೂ ಇಲ್ಲ. ಬೇಡವೆಂದಿದ್ದ ಆ ಇನ್ನೊಬ್ಬ ವೈದ್ಯರು ವಿಡಿಯೊವನ್ನು ಎರಡು ಸಲ ನೋಡಿ, ದೇಹದ ಹಾರ್ನೆಸ್ ಎಲ್ಲೆಲ್ಲಿ ಸಿಗುತ್ತದೆ ಎಂದು ಕೇಳಿ ಬರೆದುಕೊಂಡರು. ಅವರಿಗೆ ಈಗ ಅರವತ್ತೊಂದು.