ಹಳೇ ಸರ್ವರ್ ತಂದ್ರಾ? ರ‍್ಯಾಮ್ ಕೊಳ್ಳೋ ಮುಂಚೆ ಇದನ್ನ ಓದಿ

ಬೆಂಗಳೂರಿನ ಎಸ್.ಪಿ. ರೋಡಲ್ಲಿ ಗುಜರಿ ರೇಟಿಗೆ ಸರ್ವರ್ ಸಿಕ್ತು ಅಂತ ಆಟೋದಲ್ಲಿ ಹಾಕ್ಕೊಂಡು ಬಂದವ್ರನ್ನ ಸುಮಾರು ಜನ ನೋಡಿದೀನಿ, ತಿಂಗಳು ಕಳೆಯೋದ್ರಲ್ಲಿ ಅದು ಮಂಚದ ಕೆಳಗೆ ಸೇರಿರತ್ತೆ. ಮಷೀನ್ ಕೆಟ್ಟಿರಲ್ಲ, ಅಪ್‌ಗ್ರೇಡ್ ಮಾಡಕ್ಕೆ ಹೋಗಿ ಇವ್ರೇ ಸಿಕ್ಕಾಕ್ಕೊಂಡಿರ್ತಾರೆ. ಡೆಲ್ ಪವರ್‌ಎಡ್ಜ್ ಆರ್710 ಇಟ್ಕೊಂಡೇ ಹೇಳ್ತೀನಿ. 2009ರ ಮಾಡೆಲ್, ಎರಡು ಪ್ರೊಸೆಸರ್ ಕೂರತ್ತೆ, ಪಾರ್ಟ್ಸ್ ಈಗ್ಲೂ ಸಿಗತ್ತೆ. ಹೊಸಬ್ರು ಶುರು ಮಾಡೋದಾದ್ರೆ ಇದನ್ನೇ ತಗೊಳ್ಳಿ.

1. ಅಂಗಡೀಲೇ ಮುಚ್ಚಳ ತೆಗೆಸಿ ನೋಡಿ. ಮುಂದಿನ ಟ್ಯಾಗ್ ಮೇಲೆ ರೋಮನ್ 'ಎರಡು' ಇದ್ರೆ ಎರಡನೇ ಪೀಳಿಗೆ ಬೋರ್ಡು, 130 ವ್ಯಾಟ್ ಪ್ರೊಸೆಸರೂ ತಡ್ಕೊಳ್ಳತ್ತೆ. ಇಲ್ದಿದ್ರೆ 95 ವ್ಯಾಟ್ ದಾಟಬೇಡಿ. ಆಮೇಲೆ ರೇಡ್ ಕಾರ್ಡ್ (ಡಿಸ್ಕ್‌ಗಳನ್ನೆಲ್ಲಾ ಸಂಭಾಳಿಸೋ ಕಾರ್ಡ್) ಯಾವ್ದು ಕೇಳಿ. ಪರ್ಕ್ 6/ಐ ಇದ್ರೆ ಆ ಕಾರ್ಡನ್ನ ಅಲ್ಲೇ ಬಿಟ್ಟುಬನ್ನಿ, 2 ಟಿಬಿಗಿಂತ ದೊಡ್ಡ ಡಿಸ್ಕ್ ಹಾಕಿದ್ರೂ ಅದಕ್ಕೆ ಪೂರ್ತಿ ಕಾಣಲ್ಲ. ಬದ್ಲಿಗೆ ಎಚ್700 ಕಾರ್ಡ್ ಕೊಟ್ರೆ ಮಾತ್ರ ವ್ಯಾಪಾರ.

2. ಧೂಳು ಹೊಡೀರಿ, ಬೋರ್ಡಿನ ಸಿಆರ್2032 ಸೆಲ್ ಬದಲಾಯಿಸಿ.

3. ಹಳೇ ಪ್ರೊಸೆಸರ್ ಇರೋವಾಗ್ಲೇ ಬಯೋಸ್ (ಆನ್ ಮಾಡಿದ ತಕ್ಷಣ ಮೊದ್ಲು ಓಡೋ, ಬೋರ್ಡಲ್ಲೇ ಇರೋ ಪ್ರೋಗ್ರಾಂ) ಅಪ್‌ಡೇಟ್ ಮಾಡಿ. ಇಂಟೆಲ್ ಜಿಯಾನ್ 5500 ಸರಣಿ ಪ್ರೊಸೆಸರ್ ತೆಗೆದು 5600 ಸರಣಿದು ಹಾಕಿ ಆಮೇಲೆ ಬಯೋಸ್ ನೋಡ್ಕೊಳ್ಳೋಣ ಅಂದ್ಕೊಂಡ್ರೆ ಹಳೇ ಬಯೋಸ್‌ಗೆ ಹೊಸದರ ಗುರುತೇ ಸಿಗಲ್ಲ.

4. ಪ್ರೊಸೆಸರ್. ನನ್ನ ಕೇಳಿದ್ರೆ 5600 ಸರಣಿಯ ಎಕ್ಸ್5675, ಆರು ಕೋರ್, 95 ವ್ಯಾಟ್, ಸಾಕು. ಪಿನ್ನುಗಳಿರೋದು ಬೋರ್ಡಿನ ಸಾಕೆಟ್ಟಲ್ಲಿ, 1366 ಇವೆ, ಒಂದು ಬಗ್ಗಿದ್ರೂ ಕಷ್ಟ. ಹಂಗಾಗಿ ನೇರ ಮೇಲಿಂದ ಇಳಿಸಿ, ಜಾರಿಸಬೇಡಿ.

5. ರ‍್ಯಾಮ್. ಎಡವೋದು ಇಲ್ಲೇ. ಸ್ಟಿಕ್ ಮೇಲಿನ ಸ್ಟಿಕರ್‌ನಲ್ಲಿ ಪಿಸಿ3-10600 ಆದ್ಮೇಲಿರೋ ಅಕ್ಷರ ನೋಡಿ. ಆರ್ ಇದ್ರೆ ರಿಜಿಸ್ಟರ್ಡ್ (ಸ್ಟಿಕ್ ಮೇಲೆ ಸಿಗ್ನಲ್ ಹಿಡಿದು ಮುಂದೆ ಕಳ್ಸೋ ಚಿಪ್ ಇರೋದು), ಇ ಇದ್ರೆ ಅನ್‌ಬಫರ್ಡ್ (ಆ ಚಿಪ್ ಇಲ್ಲದ್ದು). ಎರಡೂ ಡಿಡಿಆರ್3 ತಾನೆ, ಸ್ಲಾಟಲ್ಲೂ ಕೂರತ್ತಲ್ಲ ಅಂತ ಬೆರೆಸಿದ್ರೆ ಬೂಟೇ ಆಗಲ್ಲ. "ಎಲ್ಲಾ ಒಂದೇ ಸಾರ್" ಅನ್ನೋ ಅಂಗಡಿಯವ್ನ ಮಾತು ನಂಬಿ ನಾನೂ ಒಂದ್ಸಲ ದುಡ್ಡು ಕಳ್ಕೊಂಡಿದೀನಿ. ಮನೆಗೆ ಆರ್ ಮಾತ್ರ ತಗೊಳ್ಳಿ.

ಇರೋ 18 ಸ್ಲಾಟಲ್ಲಿ ಒಂದೊಂದು ಪ್ರೊಸೆಸರಿಗೆ 9, ಅದೂ ಮೂರು ಚಾನೆಲ್ಲಾಗಿ (ಪ್ರೊಸೆಸರಿಂದ ಸ್ಲಾಟಿಗೆ ಹೋಗೋ ದಾರಿಗಳು). ಬಿಳಿ ಲಿವರ್ ಇರೋವು ಪ್ರತಿ ಚಾನೆಲ್‌ನ ಮೊದಲ್ನೇ ಸ್ಲಾಟ್, ಅವನ್ನೇ ಮೊದ್ಲು ತುಂಬಬೇಕು. ಎ1, ಎ2, ಎ3 ಆದ್ಮೇಲೆ ಬಿ1, ಬಿ2, ಬಿ3 (ಎ ಮೊದಲ್ನೇ ಪ್ರೊಸೆಸರಿನ ಸಾಲು, ಬಿ ಎರಡನೇದರದು), ಎರಡೂ ಕಡೆ ಒಂದೇ ಥರ. ನಾಕು ಸ್ಟಿಕ್ ಸಿಕ್ತು ಅಂತ ನಾಕೂ ಒಂದೇ ಕಡೆ ತುರುಕಬೇಡಿ. ಒಂದೇ ಪ್ರೊಸೆಸರ್ ಇದ್ರೆ ಬಿ ಸಾಲಿಗೆ ಜೀವಾನೇ ಇರಲ್ಲ, ಅಲ್ಲಿ ಹಾಕಿ "ರ‍್ಯಾಮ್ ಡೆಡ್" ಅಂತ ವಾಪಸ್ ಕೊಡಕ್ಕೆ ಹೋದವ್ರೂ ಇದಾರೆ! ಇನ್ನು ಎಲ್ಲಾ 18 ತುಂಬಿದ್ರೆ ಸ್ಪೀಡ್ 800 ಮೆಗಾಹರ್ಟ್ಸ್‌ಗೆ ಇಳಿಯತ್ತೆ, ಅದಕ್ಕೇ ನಾನು 8 ಜಿಬಿದು 12 ಸ್ಟಿಕ್ ಹಾಕಿ 96 ಜಿಬಿಗೆ ನಿಲ್ಲಿಸಿದೀನಿ. ಸ್ಟಿಕ್ ಕೂರಿಸುವಾಗ ಎರಡು ಕಡೆ ಲಿವರೂ ತಾನಾಗೇ ಮೇಲೆ ಬಂದು ಟಕ್ ಅನ್ನಬೇಕು, ಅಲ್ಲೀವರೆಗೂ ಒತ್ತಿ.

ಕರೆಂಟ್ ಬಿಲ್ ವಿಷ್ಯ ಹೇಳ್ಬಿಡ್ತೀನಿ. 150 ವ್ಯಾಟ್ ಎಳೀತಾ ಇಡೀ ದಿನ ಓಡಿದ್ರೆ ತಿಂಗಳಿಗೆ 108 ಯೂನಿಟ್. ಗೃಹಜ್ಯೋತಿ ಇರೋ ಮನೇಲಿ ಎಲ್ಲಾ ಸೇರಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಿಮ್ಮದೇ, ಮೀಟರ್ ನೋಡ್ಕೊಂಡು ಬೇಕಾದಾಗ ಮಾತ್ರ ಆನ್ ಮಾಡಿ.

6. ಮುಚ್ಚಳ ಹಾಕಿ ಆನ್ ಮಾಡಿ. ತೆರೆದಿಟ್ಟು ಓಡಿಸ್ಬೇಡಿ, ಗಾಳಿ ದಾರಿ ತಪ್ಪತ್ತೆ. ಮೊದ್ಲು ಫ್ಯಾನ್‌ಗಳು ಹೇರ್ ಡ್ರೈಯರ್ ಥರ ಕಿರುಚ್ತವೆ, ಆಮೇಲೆ ತಣ್ಣಗಾಗ್ತವೆ. ಸ್ಕ್ರೀನಲ್ಲಿ ಏನೂ ಬರ್ಲಿಲ್ಲ ಅಂತ ಮಧ್ಯದಲ್ಲೇ ಪ್ಲಗ್ ಕೀಳಬೇಡಿ, ಅಷ್ಟು ರ‍್ಯಾಮ್ ಎಣಿಸಿಕೊಳ್ಳಕ್ಕೆ ಅದಕ್ಕೆ ಕೆಲವು ನಿಮಿಷ ಬೇಕು, ಹೋಗಿ ಕಾಫಿ ಮಾಡ್ಕೊಂಡು ಬನ್ನಿ.