ಹನ್ನೆರಡನೇ ಗ್ರೇಡಿನ ಮಾರ್ಕ್ಸ್ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೀರಾ?

ಅಮೆರಿಕದಲ್ಲಿ ಹನ್ನೆರಡನೇ ಗ್ರೇಡೇ ಹೈಸ್ಕೂಲಿನ ಕೊನೆಯ ವರ್ಷ. ಅಲ್ಲಿ ಓದುವ ಮಕ್ಕಳ ಬಾಯಲ್ಲಿ ಪ್ರತಿ ವರ್ಷ ಇದೇ ಮಾತು: ‘ಕಾಲೇಜಿನವರು ನೋಡೋದು ಹನ್ನೊಂದನೇ ಗ್ರೇಡಿನವರೆಗೆ ಮಾತ್ರ, ಆಮೇಲೆ ಏನು ಬಂದರೂ ನಡೆಯುತ್ತೆ.’ ಇದು ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದೆ ಕೈಗೆ ಬಂದ ಸೀಟನ್ನು ಕಳೆದುಕೊಂಡವರಿದ್ದಾರೆ.

ನಿಮ್ಮ ಗ್ರೇಡು ಕಾಲೇಜಿಗೆ ಯಾವಾಗ ಹೋಗುತ್ತೆ ಅಂತ ಮೊದಲು ತಿಳ್ಕೊಳ್ಳಿ. ಕಾಮನ್ ಆ್ಯಪ್‌ನಲ್ಲಿ (ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಆನ್‌ಲೈನ್ ವ್ಯವಸ್ಥೆ) ಅರ್ಜಿ ಹಾಕಿದರೆ ಸ್ಕೂಲಿನ ಕೌನ್ಸೆಲರ್ ನಿಮ್ಮ ಗ್ರೇಡನ್ನು ಒಂದೇ ಸಲ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ಅರ್ಜಿಯ ಜೊತೆ ಸ್ಕೂಲ್ ರಿಪೋರ್ಟ್ ಹೋಗುತ್ತೆ, ಹನ್ನೆರಡನೇ ಗ್ರೇಡಿನ ಮೊದಲ ಸೆಮಿಸ್ಟರ್ ಮುಗಿದ ಮೇಲೆ ಮಿಡ್ ಇಯರ್ ರಿಪೋರ್ಟ್, ಶಾಲೆ ಮುಗಿದ ಮೇಲೆ ಫೈನಲ್ ರಿಪೋರ್ಟ್. ಜನವರಿ ಡೆಡ್‌ಲೈನಿಗೆ ಅರ್ಜಿ ಹಾಕಿದವರ ಫೈಲನ್ನು ಓದುವಾಗ ಎಷ್ಟೋ ಕಾಲೇಜುಗಳ ಕೈಯಲ್ಲಿ ಮಿಡ್ ಇಯರ್ ಗ್ರೇಡ್ ಇರುತ್ತೆ. ನವೆಂಬರ್‌ನಲ್ಲೇ ಅರ್ಲಿ ಡಿಸಿಷನ್ (ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇನೆ ಅಂತ ಒಪ್ಪಿ ಮೊದಲೇ ಹಾಕುವ ಅರ್ಜಿ) ಹಾಕಿದವರಿಗೂ ಬಿಡುಗಡೆ ಇಲ್ಲ. ಮೊದಲ ಕ್ವಾರ್ಟರಿನ (ಶಾಲಾ ವರ್ಷದ ಮೊದಲ ಕಾಲುಭಾಗ) ಗ್ರೇಡ್ ಕೇಳುವ ಕಾಲೇಜುಗಳಿವೆ, ಇನ್ನು ಡಿಫರ್ ಆದರಂತೂ, ಅಂದರೆ ತೀರ್ಮಾನವನ್ನು ಮುಂದಕ್ಕೆ ಹಾಕಿದರಂತೂ, ಹೊಸದಾಗಿ ತೋರಿಸೋಕೆ ನಿಮ್ಮ ಹತ್ತಿರ ಇರುವುದು ಮುಖ್ಯವಾಗಿ ಆ ಸೆಮಿಸ್ಟರಿನ ಗ್ರೇಡೇ.

ಆ ಅರ್ಧ ಸತ್ಯಕ್ಕೆ ಒಂದು ಕಾರಣ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಇರಬೇಕು. ಅರ್ಜಿಗೆ ಅವರು ಲೆಕ್ಕ ಹಾಕುವ ಜಿಪಿಎಯಲ್ಲಿ (ಗ್ರೇಡುಗಳ ಸರಾಸರಿ) ಹತ್ತು ಮತ್ತು ಹನ್ನೊಂದನೇ ಗ್ರೇಡಿನ ವಿಷಯಗಳೇ ಸೇರುವುದು, ನಿಜ. ಆದರೆ ಸೀಟು ಕೊಡುವಾಗ ಷರತ್ತು ಹಾಕಿಯೇ ಕೊಡುತ್ತಾರೆ. ಕೊನೆಯ ವರ್ಷ ‘ಸಿ’ಗಿಂತ ಕಡಿಮೆ ಗ್ರೇಡ್ ಬರಬಾರದು (ಎ ಎಲ್ಲಕ್ಕಿಂತ ಮೇಲಿನ ಗ್ರೇಡ್, ಎಫ್ ಅಂದರೆ ಫೇಲ್), ಅರ್ಜಿಯಲ್ಲಿ ಬರೆದ ವಿಷಯಗಳನ್ನು ಓದಿ ಮುಗಿಸಿರಬೇಕು, ಫೈನಲ್ ಟ್ರಾನ್ಸ್‌ಕ್ರಿಪ್ಟ್ (ಶಾಲೆ ಕೊಡುವ ಕೊನೆಯ ಅಂಕಪಟ್ಟಿ) ಜುಲೈ 1ರೊಳಗೆ ಕಳಿಸಬೇಕು. ಷರತ್ತುಗಳ ಪಟ್ಟಿ ಕಾಲೇಜಿನ ಆನ್‌ಲೈನ್ ಪೋರ್ಟಲ್‌ನಲ್ಲೇ ಇರುತ್ತೆ. ಖುಷಿಯಲ್ಲಿ ಯಾರೂ ಓದುವುದಿಲ್ಲ ಅಷ್ಟೆ. ಓದಿ, ಪ್ರಿಂಟ್ ತೆಗೆದು ಮೇಜಿನ ಮುಂದೆ ಅಂಟಿಸಿ.

ವಿಷಯ ಆರಿಸುವಾಗ ಹುಷಾರು. ನಾಲ್ಕೈದು ಎಪಿ (ಕಾಲೇಜು ಮಟ್ಟದ ಕಠಿಣ ವಿಷಯಗಳು) ತಗೊಂಡು ಎಲ್ಲದರಲ್ಲೂ ಮುಗ್ಗರಿಸುವುದಕ್ಕಿಂತ ನಿಭಾಯಿಸಬಲ್ಲಷ್ಟು ತಗೊಳ್ಳಿ. ಹಾಗಂತ ಗಣಿತ, ವಿಜ್ಞಾನ ಎಲ್ಲ ಬಿಟ್ಟು ಸುಮ್ನೆ ಹಗುರದ ವಿಷಯ ತುಂಬಿಕೊಂಡರೂ ಕಾಲೇಜಿನವರಿಗೆ ಗೊತ್ತಾಗುತ್ತೆ, ಯಾಕಂದ್ರೆ ಗ್ರೇಡಿನ ಜೊತೆ ವಿಷಯಗಳ ಪಟ್ಟಿಯೂ ಅವರ ಕಣ್ಣ ಮುಂದೆ ಇರುತ್ತೆ. ಒಂಬತ್ತು, ಹತ್ತರಲ್ಲಿ ಗ್ರೇಡ್ ಕಡಿಮೆ ಇದ್ದವರಿಗೆ ಹನ್ನೆರಡರ ಈ ಮೊದಲ ಸೆಮಿಸ್ಟರ್ ನಿಜವಾಗಿಯೂ ಒಳ್ಳೆಯ ಅವಕಾಶ. ಗ್ರೇಡು ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದಿದ್ದರೆ ಫೈಲ್ ಓದುವವರು ಅದನ್ನು ಗಮನಿಸುತ್ತಾರೆ. ಆ ಅವಕಾಶವನ್ನು ಅರ್ಜಿಗೆ ಬೇಕಾದ ಪ್ರಬಂಧ ಬರೆಯುವ ಗಡಿಬಿಡಿಯಲ್ಲಿ ಹಾಳು ಮಾಡ್ಕೋಬೇಡಿ. ಪ್ರಬಂಧಗಳನ್ನು ಬೇಸಿಗೆ ರಜೆಯಲ್ಲೇ ಶುರು ಮಾಡಿದರೆ ಅಕ್ಟೋಬರ್‌ನಲ್ಲಿ ಓದೋಕೆ ಸಮಯ ಸಿಗುತ್ತೆ.

ಗ್ರೇಡ್ ಬಿದ್ದೇ ಬಿಟ್ಟರೆ? ಮುಚ್ಚಿಡಬೇಡಿ. ಬಿ ಬರುತ್ತಿದ್ದ ಕೆಮಿಸ್ಟ್ರಿಯಲ್ಲಿ ಡಿ ಬರುವ ಹಾಗಿದೆ ಅಂದುಕೊಳ್ಳಿ. ಮೊದಲು ಟೀಚರ್ ಹತ್ತಿರ ಹೋಗಿ, ಯಾವ ಟೆಸ್ಟ್ ಮತ್ತೆ ಬರೆಯಬಹುದು, ಬಾಕಿ ಇರುವ ಲ್ಯಾಬ್ ರಿಪೋರ್ಟಿಗೆ ಇನ್ನೂ ಮಾರ್ಕ್ಸ್ ಸಿಗುತ್ತಾ ಅಂತ ಕೇಳಿ. ಆಮೇಲೆ ಕೌನ್ಸೆಲರ್‌ಗೆ ಹೇಳಿ. ಕೊನೆಗೂ ಡಿ ಬಂದರೆ ಕಾಲೇಜಿನವರು ಕೇಳುವ ಮೊದಲೇ ಅಡ್ಮಿಷನ್ ಆಫೀಸಿಗೆ ನೀವೇ ಬರೆಯಿರಿ, ಅಪ್ಪ ಅಮ್ಮ ಅಲ್ಲ. ಪತ್ರ ಅರ್ಧ ಪುಟ ಸಾಕು: ಯಾವ ವಿಷಯ, ಎಷ್ಟು ಬಂತು, ಏನಾಯಿತು, ಅದನ್ನು ಸರಿಮಾಡೋಕೆ ಏನು ಮಾಡ್ತಿದ್ದೀರಿ. ಕಾಯಿಲೆ, ಮನೆಯ ತೊಂದರೆ ಏನಾದರೂ ಇದ್ದರೆ ಅದನ್ನೂ ನೇರವಾಗಿ ಹೇಳಿ. ಟೀಚರ್ ಮೇಲೆ ತಪ್ಪು ಹೊರಿಸಬೇಡಿ. ಬೇಸಿಗೆ ತರಗತಿಯಲ್ಲಿ ಆ ವಿಷಯ ಮತ್ತೆ ಓದಿದರೆ ಒಪ್ಪುತ್ತೀರಾ ಅಂತ ಕೇಳಿದರೆ ಇನ್ನೂ ಒಳ್ಳೇದು. ಅರ್ಜಿಯಲ್ಲಿ ಬರೆದ ವಿಷಯವನ್ನು ಮಧ್ಯದಲ್ಲಿ ಕೈಬಿಡಬೇಕಾದರೂ ಅಷ್ಟೇ, ಬಿಡುವ ಮೊದಲು ಕೇಳಿ. ಒಂದು ಎ ಹೋಗಿ ಬಿ ಬಂದರೆ ಸಾಮಾನ್ಯವಾಗಿ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ, ಆ ಚಿಂತೆ ಬೇಡ. ಸಾಲು ಸಾಲು ಸಿ, ಡಿ, ಎಫ್ ಬಂದರೆ ಮಾತ್ರ ವಿಷಯ ಬೇರೆ.

ವೇಟ್‌ಲಿಸ್ಟ್‌ನಲ್ಲಿ (ಸೀಟು ಖಾಲಿಯಾದರೆ ಕರೆಯುವವರ ಪಟ್ಟಿ) ಇದ್ದೀರಾ? ಹೊಸದೇನೂ ಕಳಿಸಬೇಡಿ ಅಂತ ಕಾಲೇಜಿನವರು ಹೇಳಿರದಿದ್ದರೆ, ವಸಂತದ (ಎರಡನೇ ಸೆಮಿಸ್ಟರಿನ) ಗ್ರೇಡ್ ಚೆನ್ನಾಗಿದ್ದಾಗ ಕಳಿಸಿ.

ಮೇ 1ಕ್ಕೆ ಕಾಲೇಜು ಆರಿಸಿ ಡೆಪಾಸಿಟ್ ಕಟ್ಟಿದ ಮೇಲೂ ಒಂದು ಕೆಲಸ ಬಾಕಿ ಇರುತ್ತೆ. ಫೈನಲ್ ಟ್ರಾನ್ಸ್‌ಕ್ರಿಪ್ಟ್ ಯಾವ ಕಾಲೇಜಿಗೆ ಹೋಗಬೇಕು ಅಂತ ಶಾಲೆ ಮುಚ್ಚುವ ಮೊದಲೇ ಕೌನ್ಸೆಲರ್‌ಗೆ ಬರೆದು ಕೊಡಿ, ಆಮೇಲೆ ಅವರೂ ರಜೆಗೆ ಹೋಗ್ತಾರೆ ಅಲ್ವಾ. ಜೂನ್ ಕೊನೆಯಲ್ಲಿ ಪೋರ್ಟಲ್ ತೆರೆದು ಅದು ತಲುಪಿದೆಯಾ ಅಂತ ನೋಡಿ. ತಲುಪಿಲ್ಲದಿದ್ದರೆ ಅವತ್ತೇ ಶಾಲೆಯ ಆಫೀಸಿಗೆ ಫೋನ್ ಮಾಡಿ.